ಗಾಡಿ ಎತ್ತರಿಸಿದ ಮೇಲೆ ಬರುವ ನಡುಕ

ಸ್ನೇಹಿತರೇ, ಕಡಿಮೆ ಖರ್ಚಿನಲ್ಲಿ ಗಾಡಿ ಎತ್ತರಿಸಿದ ಮೇಲೆ ಶುರುವಾಗುವ ನಡುಕದ ಬಗ್ಗೆ ಇವತ್ತು ಮಾತಾಡೋಣ. ಉದಾಹರಣೆಗೆ ಮಾರುತಿ ಜಿಪ್ಸಿಯನ್ನೇ ತಗೊಳ್ಳೋಣ. ಹಿಂದೆ ಮುಂದೆ ಗಟ್ಟಿ ಆಕ್ಸಲ್, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್. ಇದನ್ನು ಎತ್ತರಿಸಲು ಅಗ್ಗದ ದಾರಿ ಉದ್ದನೆಯ ಶ್ಯಾಕಲ್, ಅಂದರೆ ಸ್ಪ್ರಿಂಗ್ ತುದಿಯನ್ನು ಚಾಸಿಗೆ ಜೋಡಿಸುವ ಪಟ್ಟಿ. 2 ಇಂಚು ಉದ್ದದ್ದು ಹಾಕಿದರೆ ಗಾಡಿ ಏಳುವುದು ಸುಮಾರು 1 ಇಂಚು ಮಾತ್ರ. ಜೊತೆಗೆ ಸೀಟಿನ ಕೆಳಗೆ ಗುಂಯ್ ಅನ್ನುವ ನಡುಕವೂ ಬರುತ್ತದೆ.

ಎಲ್ಲರೂ ಮೊದಲು ಟಯರ್ ಮೇಲೆ ಅನುಮಾನ ಪಡುತ್ತಾರೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. 80 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 10 ಸುತ್ತು ತಿರುಗುತ್ತದೆ. ಎಂಜಿನ್ ಶಕ್ತಿಯನ್ನು ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹೆಚ್ಚು ಕಡಿಮೆ ಅದರ 4 ಪಟ್ಟು, ಅಂದರೆ 40 ಸುತ್ತು. ಟಯರಿನ ದೋಷ ದಡದಡ ಅಂತ ಕುಲುಕುತ್ತದೆ, ಎಣಿಸಬಹುದು ಅನ್ನುವಷ್ಟು ನಿಧಾನ. ಶಾಫ್ಟ್‌ನ ಬ್ಯಾಲೆನ್ಸ್ ತಪ್ಪಿದ್ದರೆ ಸೆಕೆಂಡಿಗೆ 40 ಸಲ ನಡುಗುತ್ತದೆ. ಕೋನ ತಪ್ಪಿದ್ದರೆ 80 ಸಲ. ಮೊಬೈಲಿನಲ್ಲಿ ಕಂಪನ ಅಳೆಯುವ ಆ್ಯಪ್ ಹಾಕಿಕೊಂಡರೆ ಈ ಸಂಖ್ಯೆಯೇ ಕಾಣುತ್ತದೆ. ಅದೇ ವೇಗದಲ್ಲಿ ಕ್ಲಚ್ ಒತ್ತಿ ನೋಡಿ. ನಡುಕ ಹಾಗೇ ಇದ್ದರೆ ಎಂಜಿನ್ ಪಾಪ, ನಿರಪರಾಧಿ.

80 ಸಲ ಯಾಕೆ? ಶಾಫ್ಟ್‌ನ ಎರಡು ತುದಿಯಲ್ಲೂ ಕ್ರಾಸ್ ಇದೆ, ಅಂದರೆ ಶಾಫ್ಟ್ ಓರೆಯಾಗಿದ್ದರೂ ತಿರುಗಲು ಬಿಡುವ ಕೀಲು. ಕ್ರಾಸ್ ಕೋನದಲ್ಲಿ ತಿರುಗಿದಾಗ, ಒಂದು ಸುತ್ತಿನಲ್ಲಿ ಎರಡು ಸಲ ವೇಗ ಏರುತ್ತದೆ, ಎರಡು ಸಲ ಇಳಿಯುತ್ತದೆ. 10 ಡಿಗ್ರಿ ಕೋನದಲ್ಲಿ ಈ ಏರಿಕೆ ಶೇ. 1.5ರಷ್ಟು, ಇಳಿಕೆಯೂ ಅಷ್ಟೇ. ಕೋನ ದುಪ್ಪಟ್ಟಾದರೆ ಏರಿಳಿತ ಸುಮಾರು ನಾಲ್ಕು ಪಟ್ಟು. ಮೇಲಿನ ಕ್ರಾಸ್ ಮಾಡಿದ ಏರಿಳಿತವನ್ನು ಕೆಳಗಿನದು ಸರಿದೂಗಿಸಬೇಕು. ಅದಕ್ಕೆ ಎರಡೂ ಕಡೆ ಕೋನ ಒಂದೇ ಇರಬೇಕು. ಉದ್ದನೆಯ ಶ್ಯಾಕಲ್ ಸ್ಪ್ರಿಂಗ್‌ನ ಹಿಂತುದಿಯನ್ನು ಕೆಳಕ್ಕೆ ತಳ್ಳುತ್ತದೆ, ಆಕ್ಸಲ್‌ನಲ್ಲಿ ಶಾಫ್ಟ್ ಬಂದು ಸೇರುವ ಪಿನಿಯನ್ ಮೂತಿ ಮೇಲೇಳುತ್ತದೆ. ಲೆಕ್ಕ ತಪ್ಪುವುದೇ ಇಲ್ಲಿ.

ಇಲ್ಲೇ ನಮ್ಮ ಹುಡುಗರು ಮೋಸ ಹೋಗುವುದು. ಅಮೆರಿಕದ ಜೀಪ್ ರ‍್ಯಾಂಗ್ಲರ್ ವಿಡಿಯೊ ನೋಡಿ ಪಿನಿಯನ್ನನ್ನು ಇನ್ನೂ ಮೇಲಕ್ಕೆ, ನೇರ ಶಾಫ್ಟ್ ಕಡೆಗೇ ತಿರುಗಿಸುತ್ತಾರೆ. ಆ ಗಾಡಿಗಳಲ್ಲಿ ಟ್ರಾನ್ಸ್‌ಫರ್ ಕೇಸ್ (ಹಿಂದಿನ ಮುಂದಿನ ಆಕ್ಸಲ್‌ಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ತುದಿಗೆ ಜೋಡಿ ಕ್ರಾಸ್ ಇರುವ ಶಾಫ್ಟ್ ಹಾಕಿರುತ್ತಾರೆ. ಅದರ ಏರಿಳಿತ ಅಲ್ಲೇ ಮುಗಿಯುತ್ತದೆ, ಹಾಗಾಗಿ ಅವರಿಗೆ ಅದು ಸರಿ. ಒಂಟಿ ಕ್ರಾಸ್ ಶಾಫ್ಟ್‌ಗೆ ಅದೇ ಮಾಡಿದರೆ ನಡುಕ ಜಾಸ್ತಿಯಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಅಳೆಯುವಾಗ ಗಾಡಿ ತನ್ನ ಚಕ್ರದ ಮೇಲೇ ನಿಂತಿರಲಿ. ಜಾಕ್ ಮೇಲೆ ಆಕ್ಸಲ್ ಜೋತಾಡುತ್ತಿದ್ದರೆ ಬರುವ ಕೋನ ಸುಳ್ಳು. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಕೆಳಗೆ ಹೋಗಿ. ಡಿಗ್ರಿ ತೋರಿಸುವ ಆ್ಯಪ್ ಸಾಕು. ಟ್ರಾನ್ಸ್‌ಫರ್ ಕೇಸ್ ಕಡೆಯ ಮೇಲಿನ ಫ್ಲ್ಯಾಂಜ್ (ಶಾಫ್ಟನ್ನು ಬೋಲ್ಟ್ ಹಾಕಿ ಜೋಡಿಸುವ ಬಿಲ್ಲೆ), ಶಾಫ್ಟ್‌ನ ಕೊಳವೆ, ಪಿನಿಯನ್ ಫ್ಲ್ಯಾಂಜ್ ಮೂರರ ಓರೆಯನ್ನೂ ಬರೆದುಕೊಳ್ಳಿ. ಫ್ಲ್ಯಾಂಜ್‌ಗೂ ಕೊಳವೆಗೂ ಇರುವ ವ್ಯತ್ಯಾಸವೇ ಆ ಕಡೆಯ ಕ್ರಾಸ್‌ನ ಕೋನ. ಮೇಲಿನ ಕ್ರಾಸ್‌ನಲ್ಲಿ 11 ಡಿಗ್ರಿ, ಕೆಳಗೆ 8 ಬಂತು ಅನ್ನಿ. ಪಿನಿಯನ್ ಮೂತಿ 3 ಡಿಗ್ರಿ ಕೆಳಗೆ ಬಾಗುವ ಹಾಗೆ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಓರೆ ಪ್ಲೇಟ್ ಕೊಡಿಸಿ. ಅಲ್ಯೂಮಿನಿಯಂ ಬೇಡ, ಜಜ್ಜಿಹೋಗುತ್ತದೆ. ಉಕ್ಕಿನದೇ ಬೇಕು. ಸ್ವಲ್ಪ ಓಡಿಸಿದ ಮೇಲೆ, ಸ್ಪ್ರಿಂಗ್ ಮತ್ತು ಆಕ್ಸಲ್ ಹಿಡಿದಿಡುವ ಯು ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಿಸಿ.

ಕೋನ ಸರಿಯಾದರೂ ನಡುಕ ಉಳಿದರೆ ಶಾಫ್ಟ್‌ನ ಜಾರುವ ಸ್ಪ್ಲೈನ್, ಅಂದರೆ ಒಂದರೊಳಗೊಂದು ಜಾರುವ ಹಲ್ಲಿನ ಜೋಡಣೆ ನೋಡಿ. ಗ್ರೀಸ್ ಹಾಕಲು ಬಿಚ್ಚಿದವರು ಗುರುತು ಮಾಡದೆ ಒಂದು ಹಲ್ಲು ಆಚೀಚೆ ಸೇರಿಸಿದ್ದರೂ ಎರಡು ತುದಿಯ ಯೋಕ್‌ಗಳು (ಕ್ರಾಸ್ ಹಿಡಿಯುವ ಕವಲುಗಳು) ಒಂದೇ ಸಾಲಿಗೆ ಬರುವುದಿಲ್ಲ, ಆಗ ಯಾವ ಪ್ಲೇಟೂ ಉಪಯೋಗಕ್ಕೆ ಬರುವುದಿಲ್ಲ. ಬಿಚ್ಚುವ ಮೊದಲೇ ಎರಡೂ ಭಾಗಕ್ಕೆ ಸೇರಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಟ್ರಾನ್ಸ್‌ಫರ್ ಕೇಸ್ ಮೌಂಟಿನ ರಬ್ಬರನ್ನೂ ಕೈಯಿಟ್ಟು ನೋಡಿ. ಹೊರಗೆ ಒಂದು ಗಾಡಿ ನಿಲ್ಲಿಸಿದ್ದೇವೆ, ಕೋನ ಅಳೆಯುವುದನ್ನು ಅದರಲ್ಲೇ ತೋರಿಸುತ್ತೇನೆ, ಬನ್ನಿ.