ಹಿಮದಲ್ಲಿ ಬೋನು ಒಡ್ಡುವವರು

ನಮಸ್ಕಾರ, ಕೇಳುಗರೇ. ಇವತ್ತು ಕೆನಡಾದ ಆಲ್ಬರ್ಟಾ ಕಡೆಯ ಒಂದು ಚಳಿಗಾಲದ ಕಸುಬಿನ ಬಗ್ಗೆ ಮಾತಾಡುತ್ತೇನೆ. ಹಿಮ ಬಿದ್ದ ಮೇಲೆ ಕೊಯೋಟಿ, ನರಿ, ನೀರಲ್ಲಿ ಬದುಕುವ ಬೀವರ್, ಮುಂಗುಸಿಯ ಹಾಗೆ ಕಾಣುವ ಮಾರ್ಟನ್ ಇಂಥ ತುಪ್ಪಳದ ಪ್ರಾಣಿಗಳಿಗೆ ಬೋನು ಒಡ್ಡುವ ಕಸುಬು ಅದು. ಇದನ್ನು ಕೇಳಿದರೇ ಕೆಲವರಿಗೆ ಬೇಸರ ಆಗುತ್ತದೆ, ಗೊತ್ತು. ನನಗೂ ಇದರಲ್ಲಿ ಒಪ್ಪಿಗೆ ಆಗದ ಭಾಗ ಇದೆ. ಅದನ್ನೂ ಹೇಳುತ್ತೇನೆ, ಆದರೆ ಮೊದಲು ಕೆಲಸ ಹೇಗೆ ನಡೆಯುತ್ತದೆ ಅನ್ನೋದು ಗೊತ್ತಾಗಬೇಕು, ಅಲ್ವಾ?

ಕೊಯೋಟಿ ಅಂದರೆ ನಮ್ಮ ಗುಳ್ಳೆನರಿಯ ಸಂಬಂಧಿ. ಗುಳ್ಳೆನರಿಗಿಂತ ಸ್ವಲ್ಪ ದೊಡ್ಡದು, ತೋಳಕ್ಕಿಂತ ಚಿಕ್ಕದು. ತೂಕ ಸುಮಾರು 10ರಿಂದ 20 ಕಿಲೋ. ಇಲಿ, ಮೊಲ, ಸತ್ತ ದನ, ಹಣ್ಣು, ಏನು ಸಿಕ್ಕರೂ ತಿನ್ನುತ್ತದೆ. ಕುರಿಮರಿಯನ್ನೂ, ಆಗತಾನೆ ಹುಟ್ಟಿದ ಕರುವನ್ನೂ ಬಿಡುವುದಿಲ್ಲ, ಹಾಗಾಗಿ ರೈತರಿಗೆ ಅದರ ಮೇಲೆ ಸಿಟ್ಟು. ಅಮೆರಿಕದಲ್ಲಿ ಸರ್ಕಾರವೇ ವರ್ಷಕ್ಕೆ ಹತ್ತಾರು ಸಾವಿರ ಕೊಯೋಟಿ ಕೊಲ್ಲಿಸುತ್ತದೆ. ಇಷ್ಟಾದರೂ ಅದು ಅಲಾಸ್ಕಾದಿಂದ ಪನಾಮಾದವರೆಗೆ ಹರಡಿದೆ, ಶಿಕಾಗೋ ನಗರದ ಒಳಗೂ ಸಂಸಾರ ಮಾಡುತ್ತದೆ. ಅಷ್ಟು ಚುರುಕು ಪ್ರಾಣಿ. ಅದರ ಬುದ್ಧಿ ಬಗ್ಗೆ ಟ್ರ್ಯಾಪರ್‌ಗಳೇ, ಅಂದರೆ ಬೋನು ಒಡ್ಡುವವರೇ, ಎಲ್ಲರಿಗಿಂತ ಜಾಸ್ತಿ ಗೌರವದಿಂದ ಮಾತಾಡುತ್ತಾರೆ.

ಚರ್ಮಕ್ಕೆ ಒಳ್ಳೆ ಬೆಲೆ ಬರುವುದು ನವೆಂಬರ್ ಕೊನೆಯಿಂದ ಜನವರಿಯ ಹೊತ್ತಿಗೆ, ತುಪ್ಪಳ ದಟ್ಟವಾಗಿ ತುಂಬಿಕೊಂಡಾಗ. ಹಿಮ ಬೀಳುವುದೂ ಅದೇ ಹೊತ್ತಿಗೆ. ತೊಂದರೆ ಶುರುವಾಗುವುದು ಇಲ್ಲೇ.

ಕಾಲು ಹಿಡಿಯುವ ಬೋನನ್ನು ನೆಲದಲ್ಲಿ ಸಣ್ಣ ಗುಂಡಿ ತೋಡಿ ಕೂರಿಸುತ್ತಾರೆ. ಎರಡು ದವಡೆ, ನಡುವೆ ಒಂದು ತಟ್ಟೆ, ಪಕ್ಕದಲ್ಲಿ ಸ್ಪ್ರಿಂಗ್. ತಟ್ಟೆ ಮೇಲೆ ಕಾಲಿಟ್ಟರೆ ದವಡೆ ಮುಚ್ಚುತ್ತದೆ. ಮೇಲೆ ಮಣ್ಣು ಉದುರಿಸಿ ಮರೆಮಾಡುತ್ತಾರೆ. ಆದರೆ ಆ ಮಣ್ಣಲ್ಲಿ ಸ್ವಲ್ಪ ತೇವ ಇದ್ದರೂ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿದಾಗ ಇಡೀ ಬೋನು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡು ಕಲ್ಲಾಗುತ್ತದೆ, ಕೊಯೋಟಿ ಅದರ ಮೇಲೆ ನಿಂತು ವಾಸನೆ ನೋಡಿ ಆರಾಮಾಗಿ ಹೋಗಬಹುದು. ಅದಕ್ಕೆ ಬೇಸಿಗೆಯಲ್ಲೇ ತಯಾರಿ ನಡೆಯುತ್ತದೆ. ಒಣ ಮಣ್ಣನ್ನು ಜರಡಿ ಹಿಡಿದು, ಬಿಸಿ ಮಾಡಿ, ಮೇಣ ಕಲಸಿ ಇಡುತ್ತಾರೆ. ಒಂದೊಂದು ಕಣಕ್ಕೂ ಮೇಣ ಹತ್ತಿಕೊಂಡರೆ ನೀರು ಒಳಗೆ ಇಳಿಯುವುದಿಲ್ಲ. ಕೆಲವರು ಒಣ ಪೀಟ್ ಮಾಸ್, ಅಂದರೆ ಜೌಗಿನಲ್ಲಿ ಬೆಳೆಯುವ ಪಾಚಿಯ ಒಣ ಪುಡಿ, ಬಳಸುತ್ತಾರೆ. ಉಪ್ಪು ಹಾಕುವವರೂ ಇದ್ದಾರೆ, ಆದರೆ ಉಪ್ಪಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ನನ್ನ ಕೇಳಿದರೆ ಮೇಣದ ಮಣ್ಣಿನ ಶ್ರಮವೇ ವಾಸಿ.

ಹಿಮ ಆಳವಾಗಿದ್ದರೆ ಬೋನನ್ನು ಹಿಮದಲ್ಲೇ ಕೂರಿಸಬೇಕು. ಅಡಿಗೂ ಮೇಲಕ್ಕೂ ಮೇಣದ ಕಾಗದ ಹಾಕಿ, ಪುಡಿ ಹಿಮವನ್ನು ಜರಡಿಯಿಂದ ತೆಳ್ಳಗೆ ಉದುರಿಸುತ್ತಾರೆ. ಬೋನಿಗೆ ಬಿಳಿ ಬಣ್ಣ ಬಳಿದಿರುತ್ತಾರೆ. ಇಷ್ಟೆಲ್ಲ ಮಾಡಿದರೂ ದಕ್ಷಿಣ ಆಲ್ಬರ್ಟಾದಲ್ಲಿ ಚಿನೂಕ್ ಅನ್ನೋ ಗಾಳಿ ಇದೆ ನೋಡಿ, ರಾಕಿ ಬೆಟ್ಟಗಳಿಂದ ಇಳಿದು ಬರುವ ಬಿಸಿ ಗಾಳಿ, ಅದು ಬಂದರೆ ಕೆಲವೇ ಗಂಟೆಗಳಲ್ಲಿ 20 ಡಿಗ್ರಿ ಏರುತ್ತದೆ, ಹಿಮದ ಮೇಲ್ಪದರ ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟಿ ಬೋನಿನ ಮೇಲೆ ಗಟ್ಟಿ ಮುಚ್ಚಳ ಕೂರುತ್ತದೆ. ಎಲ್ಲವನ್ನೂ ಕಿತ್ತು ಮೊದಲಿಂದ ಮಾಡಬೇಕು. ಹಾಗಾಗಿ ಅನುಭವ ಇದ್ದವರು ಗಾಳಿ ಹಿಮವನ್ನು ಹೊಡೆದುಕೊಂಡು ಹೋಗುವ ದಿಬ್ಬ ಹುಡುಕುತ್ತಾರೆ, ಹುಲ್ಲಿನ ಉರುಳೆಗಳ ಬುಡ ನೋಡುತ್ತಾರೆ. ಅಲ್ಲಿ ಇಲಿ ಜಾಸ್ತಿ, ಇಲಿ ಹುಡುಕಿಕೊಂಡು ಕೊಯೋಟಿ ಬರುತ್ತದೆ.

ಹಿಮದಿಂದ ಒಂದು ದೊಡ್ಡ ಉಪಕಾರವೂ ಇದೆ. ರಾತ್ರಿ ಯಾರು ಎಲ್ಲಿ ಓಡಾಡಿದರು ಅನ್ನೋದೆಲ್ಲ ಬೆಳಿಗ್ಗೆ ಕಾಣುತ್ತದೆ. ಕೊಯೋಟಿಗೆ ಆಳದ ಹಿಮದಲ್ಲಿ ನಡೆಯುವುದು ಕಷ್ಟ. ಅದು ಟ್ರ್ಯಾಕ್ಟರ್ ಹೋದ ಜಾಡು, ಹಿಮದ ಮೇಲೆ ಓಡಿಸುವ ಸ್ನೋಮೊಬೈಲ್ ಗಾಡಿಯ ಜಾಡು, ಜಿಂಕೆ ತುಳಿದ ದಾರಿ ಹಿಡಿಯುತ್ತದೆ. ಬೇಲಿಯನ್ನು ಒಂದೇ ಜಾಗದಲ್ಲಿ ನುಸುಳುತ್ತದೆ. ಆ ಜಾಗಕ್ಕೆ ತಂತಿಯ ಉರುಳು ಹಾಕುತ್ತಾರೆ. ಉರುಳಿನ ಕೆಳಗಿನ ಅಂಚು ನಡೆಯುವ ಜಾಡಿನಿಂದ ಹೆಚ್ಚುಕಡಿಮೆ ಒಂದು ಅಡಿ ಮೇಲಿರಬೇಕು. ರಾತ್ರಿ ಅರ್ಧ ಅಡಿ ಹಿಮ ಬಿತ್ತು ಅಂದುಕೊಳ್ಳಿ, ಲೆಕ್ಕ ತಪ್ಪಿತು. ಕುತ್ತಿಗೆಗೆ ಬೀಳಬೇಕಾದದ್ದು ಎದೆಗೆ ಬೀಳುತ್ತದೆ, ಪ್ರಾಣಿ ನರಳುತ್ತದೆ. ಪ್ರತಿ ಹಿಮಪಾತದ ಮೇಲೂ ಹೋಗಿ ಎತ್ತರ ಸರಿಮಾಡದವನು ಉರುಳು ಹಾಕಲೇಬಾರದು.

ಉಳಿದ ಪ್ರಾಣಿಗಳದ್ದು ಬೇರೆ ಬೇರೆ ರೀತಿ. ಮಾರ್ಟನ್ ಮರ ಹತ್ತುತ್ತದೆ, ಅದಕ್ಕೆ ಓರೆಯಾಗಿ ಒರಗಿಸಿದ ಕಂಬದ ಮೇಲೆ ಬೋನಿರುವ ಪೆಟ್ಟಿಗೆ ಕಟ್ಟುತ್ತಾರೆ, ಹಿಮ ಎಷ್ಟು ಬಿದ್ದರೂ ಮುಚ್ಚುವುದಿಲ್ಲ. ಬೀವರ್‌ಗೆ ಕೆರೆಯ ಮಂಜುಗಡ್ಡೆ ಕೊರೆದು ಬೋನನ್ನು ನೀರೊಳಗೆ ಇಳಿಸುತ್ತಾರೆ. ಇವೆರಡಕ್ಕೂ ಬಳಸುವ ಚೌಕದ ಬೋನನ್ನು ರೂಪಿಸಿದವನು ಫ್ರಾಂಕ್ ಕಾನಿಬೇರ್, ಕೆನಡಾದ ಉತ್ತರದ ಕಾಡಿನಲ್ಲಿ ಬೋನು ಒಡ್ಡಿಯೇ ಬದುಕಿದವನು. ಪ್ರಾಣಿ ಗಂಟೆಗಟ್ಟಲೆ ನರಳುವುದನ್ನು ನೋಡಿ ನೋಡಿ, ಬೇಗ ಸಾಯಿಸುವ ಬೋನು ಬೇಕು ಅಂತ ವರ್ಷಗಟ್ಟಲೆ ಪ್ರಯತ್ನಪಟ್ಟ. 1950ರ ದಶಕದಲ್ಲಿ ಅದು ಮಾರುಕಟ್ಟೆಗೆ ಬಂತು.

ಈಗ ನನಗೆ ಒಪ್ಪಿಗೆ ಆಗದ ಭಾಗ. ಮೈನಸ್ 30ರ ಚಳಿಯಲ್ಲಿ ಬೋನಿಗೆ ಸಿಕ್ಕ ಕಾಲಿಗೆ ರಕ್ತ ಸರಿಯಾಗಿ ಹೋಗದೆ ಕಾಲು ಹೆಪ್ಪುಗಟ್ಟುತ್ತದೆ. ದಿನಾ ಬೆಳಕು ಹರಿಯುವ ಹೊತ್ತಿಗೆ ಹೋಗಿ ನೋಡುವವನ ಬೋನಿಗೂ, ವಾರಾಂತ್ಯಕ್ಕೆ ಹೋದರಾಯಿತು ಅನ್ನುವವನ ಬೋನಿಗೂ ಇರುವ ವ್ಯತ್ಯಾಸ ಇದೇ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ದಿನಕ್ಕೊಮ್ಮೆ ನೋಡಲೇಬೇಕು ಅಂತ ಕಾನೂನಿದೆ. ಎಲ್ಲ ಕಡೆ ಇರಬೇಕು ಅನ್ನೋದು ನನ್ನ ಮಾತು. ಯುರೋಪಿನ ಒಕ್ಕೂಟ 1991ರಲ್ಲೇ ಕಾಲುಬೋನಿಗೆ ನಿಷೇಧದ ನಿಯಮ ತಂದಿತು. 1997ರಲ್ಲಿ ಆ ಒಕ್ಕೂಟಕ್ಕೂ ಕೆನಡಾ, ರಷ್ಯಾಗಳಿಗೂ, ಪ್ರಾಣಿ ಹೆಚ್ಚು ನರಳದ ಹಾಗೆ ಬೋನು ಹೇಗಿರಬೇಕು ಅನ್ನೋ ಒಪ್ಪಂದ ಆಯಿತು. ಕ್ಯಾಲಿಫೋರ್ನಿಯಾ 2019ರಲ್ಲಿ ತುಪ್ಪಳಕ್ಕಾಗಿ ಬೋನು ಒಡ್ಡುವುದನ್ನೇ ನಿಲ್ಲಿಸಿತು. ಜಾಕೆಟ್ಟಿನ ಟೋಪಿ ಅಂಚಿಗೆ ಕೊಯೋಟಿ ತುಪ್ಪಳ ಹಾಕುತ್ತಿದ್ದ ಕೆನಡಾ ಗೂಸ್ ಕಂಪನಿ, ಇನ್ನು ತುಪ್ಪಳ ಬಳಸುವುದಿಲ್ಲ ಅಂತ 2021ರಲ್ಲಿ ಹೇಳಿತು.

ನಮ್ಮೂರ ಕಡೆಯೂ ಉರುಳು ಇದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಆದರೂ ಕಾಫಿ ತೋಟದ ಬೇಲಿಯಲ್ಲಿ ಕಾಡುಹಂದಿಗೆ ಅಂತ ಕ್ಲಚ್ ವೈರಿನ ಉರುಳು ಹಾಕುತ್ತಾರೆ, ಸಿಕ್ಕಿ ಸಾಯುವುದು ಚಿರತೆ. ಕದ್ದು ಹಾಕಿದ ಉರುಳನ್ನು ಬೆಳಗಾದರೆ ಬಂದು ನೋಡುವ ಹೊಣೆ ಯಾರೂ ಹೊರುವುದಿಲ್ಲ. ನನಗೆ ಅತ್ಯಂತ ಸಂಕಟ ಆಗುವುದು ಅದನ್ನು ಕೇಳಿದಾಗ.

ಕೊನೆಗೆ, ಕ್ಯಾಲ್ಗರಿ, ಎಡ್ಮಂಟನ್ ಕಡೆ ಇದ್ದು ಚಳಿಗಾಲದಲ್ಲಿ ನಾಯಿ ಕರೆದುಕೊಂಡು ಊರಾಚೆ ಸುತ್ತುವ ಕನ್ನಡದವರಿಗೆ ಒಂದು ಮಾತು. ಬೇಲಿ ಸಾಲು, ಕಾಲುದಾರಿ ಇರುವ ಕಡೆ ನಾಯಿಯ ಹಗ್ಗ ಬಿಡಬೇಡಿ. ಜೇಬಲ್ಲಿ ಕೇಬಲ್ ಕತ್ತರಿಸುವ ಕಟ್ಟರ್ ಇರಲಿ, ಮಾಮೂಲಿ ಇಕ್ಕಳಕ್ಕೆ ಉರುಳಿನ ತಂತಿ ಬಗ್ಗುವುದಿಲ್ಲ. ನಾಯಿಯ ಕಾಲು ಬೋನಿಗೆ ಸಿಕ್ಕರೆ ಎಳೆಯಬೇಡಿ. ಗಾಬರಿಯಲ್ಲಿ ಅದು ನಿಮ್ಮನ್ನೇ ಕಚ್ಚಬಹುದು, ಮೊದಲು ಜಾಕೆಟ್ ತೆಗೆದು ಅದರ ತಲೆ ಮೇಲೆ ಹಾಕಿ. ಬೋನಿನ ಎರಡೂ ತುದಿಯಲ್ಲಿ ಸ್ಪ್ರಿಂಗಿನ ಹಿಡಿ ಇರುತ್ತದೆ, ಎರಡನ್ನೂ ಒಟ್ಟಿಗೆ ಬೂಟುಗಾಲಲ್ಲಿ ಒತ್ತಿ ಹಿಡಿದರೆ ದವಡೆ ಸಡಿಲವಾಗುತ್ತದೆ.