ಮುಂಜಾನಿ ಉತಾರ, ಸಂಜಿ ಹೊಲ

ಮುಂಜಾನಿ ಉತಾರ ತಗಸ್ತೀರಿ, ಹೊಲ ಕಲ್ಲಪ್ಪ ಕಾಕಾನ ಹೆಸರಿಲೆ ಐತಿ. ಸಂಜಿಗೆ ಕಾಕಾ ಅದನ್ನ ಮಾರಿಬಿಡ್ತಾನ. ನೀವು ಅದೇ ಕಾಗದ ಕಿಸೆದಾಗಿಟ್ಕೊಂಡು ಮರುದಿನ ಬಿತ್ತಾಕ ಹೋದ್ರ? ಲಿನಕ್ಸ್ ಕರ್ನೆಲ್‌ನಾಗ, ಅಂದ್ರ ಆ ಆಪರೇಟಿಂಗ್ ಸಿಸ್ಟಮಿನ ತಿರುಳಿನಾಗ, ಮೆಮೊರಿ ಪುಟದ ನಂಬರ್ ಹುಡುಕಿ ಕೊಡೋ ಫಾಲೋ_ಪಿಎಫ್‌ಎನ್ ಅಂತ ಒಂದು ಫಂಕ್ಷನ್ ಇತ್ರಿ. ವರ್ಷಗಟ್ಲೆ ಇದ ಕೆಲಸ ಮಾಡ್ತು.

ಪ್ರೋಗ್ರಾಮ್ ಕೈಯಾಗಿರೋದು ತೋರಿಕೆ ವಿಳಾಸ. ಮೆಮೊರಿಯೊಳಗ ಖರೇ ಪುಟ ಎಲ್ಲೈತಿ, ಅದರ ನಂಬರ್ ಏನು ಅನ್ನೋದು ಪೇಜ್ ಟೇಬಲ್ ಅನ್ನೋ ಪಟ್ಟಿಗೆ ಗೊತ್ತು. 64 ಬಿಟ್ ಇಂಟೆಲ್ ಮಷೀನಿನಾಗ ಸಾಮಾನ್ಯವಾಗಿ ನಾಕು ಮೆಟ್ಟಲ; ಒಂದೊಂದಕ್ಕ ವಿಳಾಸದ 9 ಬಿಟ್, ಒಂದೊಂದ್ರಾಗ 512 ಖಾನೆ. ಇಳಿಯೋದೇನ್ ಕಷ್ಟ ಅಲ್ಲ. ಇಳದು ತಂದ ನಂಬರ್ ಎಷ್ಟೊತ್ತಿನ ತನಕ ಖರೆ, ಅದು ಪ್ರಶ್ನೆ. ಆ ಫಂಕ್ಷನ್ ಪಟ್ಟಿ ಯಾರೂ ಬದಲ ಮಾಡದಂಗ ಲಾಕ್ ಹಾಕಿ, ನಂಬರ್ ಓದಿ, ಲಾಕ್ ಬಿಟ್ಟು, ಆಮ್ಯಾಲೆ ನಂಬರ್ ನಮ್ಮ ಕೈಗೆ ಕೊಡ್ತಿತ್ತು.

ನಾನೂ ಇದರಾಗ ಬಿದ್ದೀನ್ರಿ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ನೋಡಿ ಆರಿಸೋ ಮಷೀನಿನ ಕ್ಯಾಮೆರಾಕ್ಕ ಡ್ರೈವರ್, ಅಂದ್ರ ಅದನ್ನ ನಡಸೋ ಪ್ರೋಗ್ರಾಮ್, ಬರದಿದ್ದೆ. ಎರಡು ದಿನ ಛಲೋ ಓಡೋದು, ಮೂರನೇ ದಿನ ಗಪ್ಪಂತ ನಿಲ್ಲೋದು. ಖಾರದ ಧೂಳು ಅಂದೆ, ಕರೆಂಟ್ ಅಂದೆ, ರ್‍ಯಾಮ್ ಬದಲ ಮಾಡ್ದೆ. ಕೆಮ್ಮಿ ಕೆಮ್ಮಿ ಸಾಕಾತು. ಕಡೀಕ ನೋಡಿದ್ರ ಪ್ರೋಗ್ರಾಮಿನ ಒಂದು ಎಳೆ (ಥ್ರೆಡ್) ಆ ಜಾಗಾ ಅನ್‌ಮ್ಯಾಪ್ ಮಾಡೇತಿ, ಅಂದ್ರ ವಿಳಾಸಕ್ಕೂ ಪುಟಕ್ಕೂ ಇದ್ದ ನಂಟು ಬಿಡಿಸೇತಿ, ಪುಟ ಬ್ಯಾರೆಯವರ ಪಾಲಾಗೇತಿ, ನನ್ನ ಡ್ರೈವರ್ ಹಳೇ ನಂಬರಿಗೇ ಚಿತ್ರ ಬರೀಲಿಕ್ಕತ್ತೇತಿ.

"ಕೋಡಿನಾಗ ಬರದಿಟ್ಟ ಕಾಮೆಂಟ್ ಓದಬೇಕಿತ್ತಪಾ" ಅಂತೀರಿ. ಹೌದು, 2021ರಾಗ "ಇದನ್ನ ಬಳಸಬ್ಯಾಡ್ರಿ" ಅಂತ ಅಲ್ಲೇ ಬರದಿಟ್ರು. ಬಸ್ ಸ್ಟ್ಯಾಂಡ್ ಗೋಡಿ ಮ್ಯಾಲೂ ಉಗುಳಬ್ಯಾಡ್ರಿ ಅಂತ ಬರದಿರ್ತಾರ, ಕೆಳಗ ಗೋಡಿ ಯಾವ ಬಣ್ಣ ಇರ್ತದ ನೋಡೀರಲ್ಲ?

2024ರಾಗ ಅದನ್ನ ಕಿತ್ತೇ ಹಾಕಿದ್ರು. ಅದೇ ವರ್ಷ ಫಾಲೋ_ಪಿಎಫ್‌ಎನ್‌ಮ್ಯಾಪ್_ಸ್ಟಾರ್ಟ್, ಫಾಲೋ_ಪಿಎಫ್‌ಎನ್‌ಮ್ಯಾಪ್_ಎಂಡ್ ಅನ್ನೋ ಜೋಡಿ ಬಂತು. ಸ್ಟಾರ್ಟ್‌ನಿಂದ ಎಂಡ್ ತನಕ ಲಾಕ್ ಇರ್ತದ, ನಂಬರೂ ಖರೆ ಇರ್ತದ. ಬರಿಯೋ ಪರವಾನಗಿ ಐತೋ ಇಲ್ಲೋ ಅನ್ನೋದೂ ಕಾಣ್ತದ. ನನಗ ಇದ ಸರಿ ಅನ್ನಸ್ತದ: ಎಚ್ಚರ ಫಂಕ್ಷನ್ ರಚನೆಯೊಳಗ ಇರ್ಲಿ, ಬರಿಯೋರ ನೆನಪಿನಾಗ ಬ್ಯಾಡ.

ತ್ರಾಸಿಲ್ಲ ಅಂತಲ್ಲ. ನಡುವ ನಿದ್ದಿ ಮಾಡೋ, ಅಂದ್ರ ಕಾಯ್ಕೋಂತ ಕೂಡೋ, ಕೋಡ್ ಹಾಕಂಗಿಲ್ಲ, ಸ್ಪಿನ್‌ಲಾಕ್ (ಬ್ಯಾರೆಯವರು ಅಲ್ಲೇ ಸುತ್ತಕೋಂತ ಕಾಯೋ ಲಾಕ್) ಹಿಡದಿರ್ತದ. ನಂಬರ್ ಬಾಳ ಹೊತ್ತು ಇಟ್ಕೊಳ್ಳೋದಿದ್ರ ಎಂಎಂಯು ನೋಟಿಫೈಯರ್ ಹಚ್ಚಬೇಕು. ಮ್ಯಾಪಿಂಗ್ ಬದಲಾದ್ರ ಅದು ಕೂಗಿ ಹೇಳ್ತದ. ಎಂಡ್ ಕರಿಯೋದು ಮರತ್ರ ಲಾಕ್ ಅಲ್ಲೇ ಸಿಕ್ಕೊಂಡು ಮಷೀನು ಹುಬ್ಬಳ್ಳಿಯೊಳಗ ನನ್ನ ಟೇಬಲ್ ಮ್ಯಾಲೇ ನಿಂತಬಿಡ್ತದ. ನಿಲ್ಲಲಿ ಬಿಡ್ರಿ. ಬ್ಯಾಡಗಿ ತನಕ ಹೋಗಿ ಕೆಮ್ಮೋದು ತಪ್ಪತು.