ಹಲಗೆ, ಹಗ್ಗ, ಗಂಟು: ಇಂಗ್ಲಿಷಿನಲ್ಲಿ ಉಳಿದ ಹಡಗಿನ ಮಾತುಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೋ ಕೇಳುವವರು ಬಗೆಬಗೆಯ ಕೆಲಸಗಳಲ್ಲಿ ತೊಡಗಿರುತ್ತೀರಿ ಎಂಬುದು ನನಗೆ ಗೊತ್ತು. ಆದರೆ ನನ್ನ ಕಣ್ಣ ಮುಂದೆ ಇರುವವರು ಪಿಯುಸಿಯಲ್ಲೋ ಪದವಿಯಲ್ಲೋ ಓದುತ್ತಿರುವ, ಇಂಗ್ಲಿಷ್ ಪದಗಳನ್ನು ಪಟ್ಟಿ ಮಾಡಿಕೊಂಡು ಬಾಯಿಪಾಠ ಮಾಡಿ, ಮರುದಿನವೇ ಮರೆತು, ಮತ್ತೆ ಅದೇ ಪಟ್ಟಿಯ ಮುಂದೆ ಕೂರುವ ಹುಡುಗ ಹುಡುಗಿಯರು. ನಿಮ್ಮಲ್ಲಿ ಅನೇಕರು ಶಾಲೆಯ ಪ್ರವಾಸದಲ್ಲಿ ಒಮ್ಮೆ ಸಮುದ್ರ ನೋಡಿರಬಹುದು. ಹಡಗನ್ನು ಹತ್ತಿದವರು ತೀರ ಕಡಿಮೆ. ಹೀಗಿದ್ದರೂ ಇಂದು ಬೆಳಗಾದಾಗಿನಿಂದ ನೀವು ಹಡಗಿನ ಮಾತುಗಳನ್ನೇ ಆಡುತ್ತಿದ್ದೀರಿ. ಮೊಬೈಲಿನಲ್ಲಿ ಲಾಗಿನ್ ಆಗಿದ್ದೀರಿ, ಟೀವಿಯ ಆ್ಯಂಕರ್ ಓದಿದ ಸುದ್ದಿಯನ್ನು ಕೇಳಿದ್ದೀರಿ, ತಂಡದ ಸ್ಕಿಪ್ಪರ್ ಟಾಸ್ ಗೆದ್ದರೋ ಇಲ್ಲವೋ ಎಂದು ವಿಚಾರಿಸಿದ್ದೀರಿ. ಈ ಮೂರೂ ಹಡಗಿನಿಂದ ಇಳಿದು ಬಂದ ಪದಗಳು.

ಮೂವತ್ತಕ್ಕೂ ಹೆಚ್ಚು ವರ್ಷ ಸರಕು ಹಡಗುಗಳಲ್ಲಿ ಅಧಿಕಾರಿಯಾಗಿದ್ದವನು ನಾನು; ಭಾಷಾಪಂಡಿತನಲ್ಲ. ಆದ್ದರಿಂದ ಒಂದೇ ಒಂದು ವಿಷಯವನ್ನು ಹೇಳಲು ಬಂದಿದ್ದೇನೆ. ಹಡಗಿನಿಂದ ಬಂದ ಪ್ರತಿಯೊಂದು ಇಂಗ್ಲಿಷ್ ಮಾತಿನ ಬುಡದಲ್ಲಿ ಕೈಯಿಂದ ಮುಟ್ಟಬಹುದಾದ ಒಂದು ವಸ್ತು ಇರುತ್ತದೆ. ಅದು ಹಗ್ಗವಾಗಿರಬಹುದು, ಹಲಗೆಯಾಗಿರಬಹುದು, ಪೀಪಾಯಿಯಾಗಿರಬಹುದು. ಆ ವಸ್ತುವನ್ನು ಹುಡುಕಿ ಹಿಡಿದರೆ ಪದ ಮರೆಯುವುದಿಲ್ಲ.

ಉದಾಹರಣೆಗೆ ಹಡಗಿನ ವೇಗವನ್ನು ಹೇಳುವ ನಾಟ್ ಎಂಬ ಪದವನ್ನು ತೆಗೆದುಕೊಳ್ಳೋಣ; ನಾಟ್ ಎಂದರೆ ಗಂಟು. ನಾನು ಡೆಕ್ ಕೆಡೆಟ್ ಆಗಿ, ಅಂದರೆ ತರಬೇತಿಯ ಅಧಿಕಾರಿಯಾಗಿ, ಹೊಸದಾಗಿ ಸೇರಿದ್ದ ಕಾಲ. ಮುಂಬೈಯಿಂದ ಪರ್ಷಿಯನ್ ಕೊಲ್ಲಿಯ ಕಡೆಗೆ ಹೋಗುತ್ತಿದ್ದೆವು. ಹಡಗಿನ ದಿನಚರಿ ಪುಸ್ತಕಕ್ಕೆ ಲಾಗ್ ಬುಕ್ ಎನ್ನುತ್ತಾರೆ. ಅದರ ಕರಡಿನಲ್ಲಿ ನಾನು ಬಹಳ ಅಂದವಾದ ಅಕ್ಷರಗಳಲ್ಲಿ ‘ವೇಗ, ಗಂಟೆಗೆ 12 ನಾಟ್’ ಎಂದು ಬರೆದೆ. ಕ್ಯಾಪ್ಟನ್ ಅದನ್ನು ನೋಡಿದರು, ಸಿಟ್ಟು ಮಾಡಲಿಲ್ಲ. ‘ಗಂಟೆಗೆ ಎಂದು ಯಾಕೆ ಬರೆದೆ?’ ಎಂದು ಮಾತ್ರ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ‘ಹಾಗಾದರೆ ನಾಳೆ ಸಂಜೆಯೊಳಗೆ ಒಂದು ಲಾಗ್ ತಯಾರಿಸಿಕೊಂಡು ಬಂದು ನಮ್ಮ ವೇಗ ಎಷ್ಟೆಂದು ಹೇಳು’ ಎಂದು ಅಪ್ಪಣೆ ಮಾಡಿ ಒಳಗೆ ಹೋದರು.

ಲಾಗ್ ಎಂದರೆ ಮರದ ತುಂಡು, ಅಷ್ಟೇ. ಬೋಟ್‌ಸ್ವೇನ್ ಎಂದು ಬರೆದು ಬೋಸನ್ ಎಂದು ಓದುವ ಹುದ್ದೆಯೊಂದು ಹಡಗಿನಲ್ಲಿದೆ. ಡೆಕ್ಕಿನ ಖಲಾಸಿಗಳಿಗೆಲ್ಲ ಅವರೇ ಮುಖ್ಯಸ್ಥರು. ನಮ್ಮ ಬೋಸನ್ ನನ್ನ ಮೇಲೆ ಕನಿಕರಪಟ್ಟು ಒಂದು ಹಲಗೆಯನ್ನು ಕಾಲು ವೃತ್ತದ ಆಕಾರಕ್ಕೆ, ಅಂದರೆ ನಾಲ್ಕು ಪಾಲು ಮಾಡಿದ ರೊಟ್ಟಿಯ ಒಂದು ತುಂಡಿನಂತೆ, ಕೊಯ್ದುಕೊಟ್ಟರು. ಅದರ ಮೂರು ಮೂಲೆಗಳಿಗೆ ದಾರ ಕಟ್ಟಿ, ಆ ದಾರಗಳನ್ನು ಒಂದು ಉದ್ದನೆಯ ಹಗ್ಗಕ್ಕೆ ಸೇರಿಸಿ, ಹಗ್ಗದ ಉದ್ದಕ್ಕೂ 47 ಅಡಿ 3 ಅಂಗುಲಕ್ಕೊಂದರಂತೆ ಗಂಟು ಹಾಕಬೇಕು. ನಾನು ಇಡೀ ರಾತ್ರಿ ಗಂಟು ಹಾಕಿದೆ. ಮರುದಿನ ಹಡಗಿನ ಹಿಂಭಾಗದಿಂದ ಹಲಗೆಯನ್ನು ನೀರಿಗೆಸೆದು, ಕೈಗಡಿಯಾರ ನೋಡುತ್ತ 28 ಸೆಕೆಂಡು ಎಣಿಸಿ, ಅಷ್ಟರಲ್ಲಿ ಎಷ್ಟು ಗಂಟುಗಳು ಕೈ ದಾಟಿ ಹೋದವೆಂದು ಲೆಕ್ಕ ಹಾಕಿದೆ. ನಾಲ್ಕು! ಕ್ಯಾಪ್ಟನ್ ಗಂಭೀರವಾಗಿ, ‘ಹಾಗಾದರೆ ನಾವು ತಲಪುವ ಹೊತ್ತಿಗೆ ಸರಕು ಕೊಳೆತಿರುತ್ತದೆ’ ಎಂದರು. ಬೋಸನ್ ನಗು ತಡೆದುಕೊಂಡು ಹಲಗೆಯನ್ನು ತೋರಿಸಿದರು. ಅದರ ಬಾಗಿದ ಅಂಚಿಗೆ ಸೀಸವನ್ನು ಜಡಿಯಲು ನಾನು ಮರೆತಿದ್ದೆ. ಸೀಸದ ಭಾರವಿದ್ದರೆ ಮಾತ್ರ ಹಲಗೆ ನೀರಿನಲ್ಲಿ ನೆಟ್ಟಗೆ ನಿಂತು, ನಿಂತಲ್ಲೇ ಉಳಿಯುತ್ತದೆ. ಹಡಗು ಮುಂದೆ ಮುಂದೆ ಹೋದಂತೆ ಹಗ್ಗ ಬಿಚ್ಚಿಕೊಳ್ಳುತ್ತದೆ. ನನ್ನ ಹಲಗೆಯೋ ಮಗುಚಿ ಮಲಗಿ, ಹಡಗಿನ ಹಿಂದೆ ಜಾರಿಕೊಂಡು ಬರುತ್ತಿತ್ತು. ಸೀಸ ಜಡಿದು ಮತ್ತೆ ಎಸೆದಾಗ ಹಗ್ಗ ಅಂಗೈಯ ಚರ್ಮ ಸುಲಿಯುವಷ್ಟು ರಭಸದಿಂದ ಓಡಿತು. ಹನ್ನೊಂದು ಗಂಟುಗಳು ದಾಟಿದವು.

ಈಗ ಲೆಕ್ಕವನ್ನು ಸ್ವಲ್ಪ ಗಮನವಿಟ್ಟು ಕೇಳಿ. ಒಂದು ನಾವಿಕ ಮೈಲಿ ಎಂದರೆ ಸುಮಾರು 6,080 ಅಡಿ; ಇಂದಿನ ಅಳತೆಯಲ್ಲಿ 1,852 ಮೀಟರ್. 28 ಸೆಕೆಂಡಿಗೂ ಒಂದು ಗಂಟೆಗೂ ಯಾವ ಪ್ರಮಾಣವಿದೆಯೋ 47 ಅಡಿ 3 ಅಂಗುಲಕ್ಕೂ ನಾವಿಕ ಮೈಲಿಗೂ ಅದೇ ಪ್ರಮಾಣ. ಹೀಗಾಗಿ 28 ಸೆಕೆಂಡಿನಲ್ಲಿ ಹನ್ನೊಂದು ಗಂಟು ದಾಟಿದರೆ ಹಡಗು ಒಂದು ಗಂಟೆಯಲ್ಲಿ ಹನ್ನೊಂದು ನಾವಿಕ ಮೈಲಿ ಹೋಗುತ್ತಿದೆ ಎಂದೇ ಅರ್ಥ; ಗುಣಾಕಾರ, ಭಾಗಾಕಾರ ಏನೂ ಬೇಕಿಲ್ಲ. ಗಂಟಿನೊಳಗೇ ಗಂಟೆ ಅಡಗಿದೆ! ಇಂಗ್ಲಿಷಿನವರಿಗೆ ಇಲ್ಲದ ಈ ಸೌಕರ್ಯ ಕನ್ನಡದಲ್ಲಿದೆ ನೋಡಿ. ಇಷ್ಟಿದ್ದೂ ಚಂಡಮಾರುತ ಬಂದಾಗಲೆಲ್ಲ ಟೀವಿಯಲ್ಲಿ ‘ಗಂಟೆಗೆ ಅರವತ್ತು ನಾಟ್ ವೇಗದ ಗಾಳಿ’ ಎಂದು ಓದುವುದನ್ನು ಕೇಳಿದರೆ ನನ್ನ ಅಂಗೈ ಇಂದಿಗೂ ಉರಿಯುತ್ತದೆ. ದಯವಿಟ್ಟು ಹಾಗೆ ಹೇಳಬೇಡಿ.

ಆ ಮರದ ತುಂಡಿನ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಲಾಗ್ ಎಸೆದು ಕಂಡುಕೊಂಡ ವೇಗವನ್ನು ಬರೆದಿಡುವ ಪುಸ್ತಕ ಲಾಗ್ ಬುಕ್ ಆಯಿತು. ಮುಂದೆ ಯಾವುದನ್ನೇ ಹೊತ್ತು ಹೊತ್ತಿಗೆ ದಾಖಲಿಸಿದರೂ ಅದು ಲಾಗ್ ಎನಿಸಿಕೊಂಡಿತು. ಕಂಪ್ಯೂಟರಿನಲ್ಲಿ ನಾವು ಬಂದದ್ದನ್ನು ದಾಖಲಿಸುವುದು ಲಾಗಿನ್ ಆಯಿತು. ಅಂತರ್ಜಾಲದಲ್ಲಿ ಬರೆಯುವ ದಿನಚರಿಗೆ 1997ರಲ್ಲಿ ವೆಬ್‌ಲಾಗ್ ಎಂಬ ಹೆಸರು ಬಂದು, 1999ರಲ್ಲಿ ಅದೇ ತುಂಡಾಗಿ ಬ್ಲಾಗ್ ಎಂದಾಯಿತು. ಇವೆಲ್ಲದರ ಬುಡದಲ್ಲಿ ಇರುವುದು ನೀರಿಗೆಸೆದ ಒಂದು ಹಲಗೆ. ಮುಟ್ಟಬಹುದಾದ ವಸ್ತು ಎಂದು ನಾನು ಹೇಳಿದ್ದು ಇದನ್ನೇ.

ಗಾಜಿನ ಆಚೆಗೆ ಕುಳಿತಿರುವ ನಿಲಯದ ಮಿತ್ರರು ಗಡಿಯಾರ ತೋರಿಸುತ್ತಿದ್ದಾರೆ. ಇನ್ನುಳಿದ ಪದಗಳನ್ನು ತುಸು ಬೇಗ ಹೇಳಬೇಕಾಗಿದೆ.

ಹಡಗಿನ ಬಲಬದಿ ಸ್ಟಾರ್‌ಬೋರ್ಡ್. ನಕ್ಷತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಚುಕ್ಕಾಣಿಯನ್ನು ಹಡಗಿನ ಹಿಂಭಾಗದ ನಡುವಿಗೆ ಕೂರಿಸುವ ಮೊದಲು, ಅಗಲವಾದ ಒಂದು ಹುಟ್ಟನ್ನು ಬಲಬದಿಗೆ ಕಟ್ಟಿ ಹಡಗನ್ನು ತಿರುಗಿಸುತ್ತಿದ್ದರು, ಏಕೆಂದರೆ ಹೆಚ್ಚಿನವರಿಗೆ ಬಲಗೈಯೇ ರೂಢಿ. ತಿರುಗಿಸುವ ಬದಿ ಸ್ಟೀರ್‌ಬೋರ್ಡ್, ಅದೇ ಸ್ಟಾರ್‌ಬೋರ್ಡ್. ನಿಮ್ಮ ಬಸ್ಸಿನ ಸ್ಟೇರಿಂಗ್ ಇದರ ತಂಗಿ. ಆ ಹುಟ್ಟು ಜಜ್ಜಿಹೋಗಬಾರದೆಂದು ಹಡಗಿನ ಎಡಬದಿಯನ್ನು ಧಕ್ಕೆಗೆ, ಅಂದರೆ ಬಂದರಿನ ಕಟ್ಟೆಗೆ, ತಾಗಿಸಿ ನಿಲ್ಲಿಸಿ, ಸರಕು ತುಂಬುತ್ತಿದ್ದರು. ಆದ್ದರಿಂದ ಎಡಬದಿ, ಸರಕು ತುಂಬುವ ಬದಿ ಎಂಬ ಅರ್ಥದಲ್ಲಿ, ಲಾರ್‌ಬೋರ್ಡ್ ಎನಿಸಿಕೊಂಡಿತ್ತು. ಬಿರುಗಾಳಿಯಲ್ಲಿ ಕೂಗಿದರೆ ಸ್ಟಾರ್‌ಬೋರ್ಡ್, ಲಾರ್‌ಬೋರ್ಡ್ ಎರಡೂ ಒಂದೇ ರೀತಿ ಕೇಳಿಸುವುದರಿಂದ ಬ್ರಿಟಿಷ್ ನೌಕಾಪಡೆ 1844ರಲ್ಲಿ ಎಡಬದಿಗೆ ಪೋರ್ಟ್ ಎಂದೇ ಹೇಳಬೇಕೆಂದು ಆಜ್ಞೆ ಹೊರಡಿಸಿತು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ನೀವು ವಿಮಾನ ಹತ್ತುವ ದಿನ ಬಂದಾಗ ಗಮನಿಸಿ: ಎಡಬದಿಯಿಂದಲೇ ಹತ್ತುತ್ತೀರಿ, ಎಡ ರೆಕ್ಕೆಯ ತುದಿಯಲ್ಲಿ ಕೆಂಪು ದೀಪ, ಬಲ ರೆಕ್ಕೆಯ ತುದಿಯಲ್ಲಿ ಹಸಿರು ದೀಪ ಇರುತ್ತವೆ. ದೀಪಗಳ ಈ ಬಣ್ಣವೂ ಹಡಗಿನದೇ. ಬೋರ್ಡಿಂಗ್ ಪಾಸಿನಲ್ಲಿರುವ ಬೋರ್ಡ್ ಕೂಡ ಹಡಗಿನ ಪಕ್ಕದ ಹಲಗೆಯೇ.

ಇಲ್ಲಿ ಒಂದು ಕಟ್ಟುಕಥೆಯನ್ನು ತಳ್ಳಿಹಾಕಬೇಕು. ಹಿಂದೆ ಇಂಗ್ಲೆಂಡಿನಿಂದ ಭಾರತಕ್ಕೆ ಬರುವ ಸಿರಿವಂತರು ಬಿಸಿಲು ತಪ್ಪಿಸಿಕೊಳ್ಳಲು ಬರುವಾಗ ಪೋರ್ಟ್ ಬದಿಯ, ಹಿಂತಿರುಗುವಾಗ ಸ್ಟಾರ್‌ಬೋರ್ಡ್ ಬದಿಯ ಕೋಣೆಯನ್ನು ಕೇಳಿ ಪಡೆಯುತ್ತಿದ್ದರಂತೆ, ಟಿಕೆಟ್ಟಿನ ಮೇಲೆ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬುದರ ಮೊದಲಕ್ಷರಗಳನ್ನು ಒತ್ತುತ್ತಿದ್ದರಂತೆ, ಸಿರಿವಂತಿಕೆಯನ್ನು ಹೇಳುವ ಪಾಶ್ ಎಂಬ ಪದ ಅದರಿಂದಲೇ ಹುಟ್ಟಿತಂತೆ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಇದನ್ನು ನನಗೇ ವಿವರಿಸಿದವರಿದ್ದಾರೆ. ಅಂಥ ಮೊಹರಿರುವ ಒಂದೇ ಒಂದು ಟಿಕೆಟ್ಟೂ ಈವರೆಗೆ ಸಿಕ್ಕಿಲ್ಲ. ನ್ಯಾವಿಗೇಶನ್ ಎಂಬುದು ಸಂಸ್ಕೃತದ ‘ನವಗತಿ’ಯಿಂದ ಬಂತೆಂದು ಸುತ್ತುವ ವಾಟ್ಸ್‌ಆ್ಯಪ್ ಸಂದೇಶವೂ ಇದೇ ಜಾತಿಯದು. ಸಂಸ್ಕೃತದ ನೌ, ಗ್ರೀಕಿನ ನೌಸ್, ಲ್ಯಾಟಿನ್ನಿನ ನಾವಿಸ್ ಒಂದೇ ತಾಯಿಯ ಮಕ್ಕಳು. ಒಬ್ಬರು ಇನ್ನೊಬ್ಬರ ಮಕ್ಕಳಲ್ಲ. ಇಂಗ್ಲಿಷಿನಲ್ಲಿ ಹೊಟ್ಟೆ ತೊಳಸುವುದಕ್ಕೆ ಹೇಳುವ ನಾಸಿಯಾ ಕೂಡ ಆ ಗ್ರೀಕ್ ಹಡಗಿನದೇ, ಮೊದಲ ಬಾರಿ ಹಡಗು ಹತ್ತಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗ್ರೀಕರು ಹಡಗು ನಡೆಸುವುದಕ್ಕೆ ಬಳಸುತ್ತಿದ್ದ ಒಂದು ಮಾತು ಎರಡು ದಾರಿ ಹಿಡಿಯಿತು. ಲ್ಯಾಟಿನ್ನಿನ ಮೂಲಕ ಬಂದದ್ದು ಗವರ್ನಮೆಂಟ್ ಆಯಿತು. ಅದನ್ನೇ 1948ರಲ್ಲಿ ಗಣಿತಜ್ಞ ನಾರ್ಬರ್ಟ್ ವೀನರ್ ನೇರವಾಗಿ ಗ್ರೀಕಿನಿಂದ ಎತ್ತಿಕೊಂಡು ಯಂತ್ರಗಳ ಮತ್ತು ಜೀವಿಗಳ ನಿಯಂತ್ರಣವನ್ನು ಕುರಿತ ಸೈಬರ್ನೆಟಿಕ್ಸ್ ಎಂಬ ಶಾಸ್ತ್ರಕ್ಕೆ ಹೆಸರಾಗಿಟ್ಟರು. ಸೈಬರ್ ಪೊಲೀಸ್ ಠಾಣೆಯೂ ಸರ್ಕಾರವೂ ಒಂದೇ ಚುಕ್ಕಾಣಿಯಿಂದ ಹುಟ್ಟಿದವು ಎಂದಾಯಿತು. ‘ರಾಜ್ಯದ ಚುಕ್ಕಾಣಿ ಹಿಡಿದವರು’ ಎಂದು ನಮ್ಮ ಪತ್ರಿಕೆಗಳು ಬರೆಯುವುದೂ ಇದೇ ಉಪಮೆ. ಆ ಚುಕ್ಕಾಣಿ ಅರಬ್ಬಿಯ ಸುಕ್ಕಾನ್. ಕರ್ಣಧಾರ ಎಂಬಲ್ಲಿನ ಕರ್ಣವೂ ಕಿವಿಯಲ್ಲ, ಚುಕ್ಕಾಣಿಯೇ. ಆ್ಯಂಕರ್ ಎಂದರೆ ಬಾಗಿದ ಕೊಕ್ಕೆ. ಮಾವುತನ ಅಂಕುಶಕ್ಕೆ ಅದು ದೂರದ ನೆಂಟ. ಸ್ಕಿಪ್ಪರ್ ಡಚ್ಚರ ಮಾತು, ಹಡಗಿನವನು ಎಂಬುದಷ್ಟೇ ಅದರ ಅರ್ಥ.

ನಮ್ಮ ಕಡೆಯಿಂದ ಹೋದವೂ ಇವೆ. ಕ್ಯಾಟಮರಾನ್ ಎಂಬುದು ತಮಿಳಿನ ಕಟ್ಟುಮರ. ಬಿಡಿಸಿ ಹೇಳುವ ಅಗತ್ಯವೇ ಇಲ್ಲ, ಮರದ ದಿಮ್ಮಿಗಳನ್ನು ಹಗ್ಗದಿಂದ ಕಟ್ಟಿದ್ದು. ಇಂಗ್ಲಿಷಿಗೆ ಹೋದ ಮೇಲೆ ಅದು ಎರಡು ಒಡಲಿನ ವಿಹಾರನೌಕೆಯಾಗಿದೆ. ಮಾನ್ಸೂನ್ ಎಂಬುದು ಅರಬ್ಬಿ ನಾವಿಕರ ಮೌಸಿಮ್, ಅಂದರೆ ಹಾಯಿ ಬಿಚ್ಚಲು ತಕ್ಕ ಗಾಳಿ ಬೀಸುವ ಕಾಲ. ಪೋರ್ಚುಗೀಸರ ಬಾಯಿ ದಾಟಿ ಬಂದು, ಈಗ ಇದೇ ರೇಡಿಯೋದಲ್ಲಿ ಮಳೆಯ ಹೆಸರಾಗಿದೆ.

ಪೀಪಾಯಿಯ ಮಾತನ್ನೂ ಹೇಳಿಬಿಡುತ್ತೇನೆ. ಡೆಕ್ಕಿನ ಮೇಲೆ ಕುಡಿಯುವ ನೀರಿಗಾಗಿ ತೂತು ಕೊರೆದಿಟ್ಟ ಪೀಪಾಯಿಗೆ ಸ್ಕಟ್ಲ್‌ಬಟ್ ಎನ್ನುತ್ತಿದ್ದರು. ನೀರಿಗೆ ಬಂದವರು ಸುದ್ದಿ ಹೇಳದೆ ಹೋಗುತ್ತಾರೆಯೇ? ಆ ಪದಕ್ಕೆ ಈಗ ಗಾಳಿಸುದ್ದಿ ಎಂಬ ಅರ್ಥವೇ ಉಳಿದಿದೆ. ಊರಿನ ನಲ್ಲಿಯ ಮುಂದೆ ಕೊಡ ಹಿಡಿದು ಸಾಲಿನಲ್ಲಿ ನಿಂತವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಇನ್ನು ಗ್ರಾಗಿ, ಅಂದರೆ ಮಂಪರು ಹಿಡಿದು ತೂರಾಡುವ ಸ್ಥಿತಿ. ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ವರ್ನನ್ ಅವರು ಗ್ರಾಗ್ರಮ್ ಎಂಬ ಒರಟು ಬಟ್ಟೆಯ ನಿಲುವಂಗಿ ತೊಡುತ್ತಿದ್ದುದರಿಂದ ನಾವಿಕರು ಅವರನ್ನು ಮುದಿ ಗ್ರಾಗ್ ಎಂದು ಕರೆಯುತ್ತಿದ್ದರು. 1740ರಲ್ಲಿ ಅವರು ನಾವಿಕರ ರಮ್ಮಿಗೆ ನೀರು ಬೆರೆಸಿ ಕೊಡಬೇಕೆಂದು ಆಜ್ಞೆ ಮಾಡಿದಾಗ ಆ ಪಾನೀಯಕ್ಕೂ ಗ್ರಾಗ್ ಎಂದೇ ಹೆಸರು ಬಿತ್ತು. ಅದನ್ನು ಕುಡಿದವರ ಸ್ಥಿತಿ ಗ್ರಾಗಿ. ಇಲ್ಲಿಯೂ ಬುಡದಲ್ಲಿರುವುದು ಒಂದು ಬಟ್ಟೆ ಎಂಬುದನ್ನು ಗಮನಿಸಿ. ಆ ದಿನನಿತ್ಯದ ರಮ್ಮು ನಿಂತದ್ದು 1970ರ ಜುಲೈ 31ರಂದು.

ಒಂದೇ ನಿಮಿಷ ಉಳಿದಿದೆಯಂತೆ. ಫ್ಯಾದಮ್ ಎಂಬ ಪದ ನಿಮ್ಮ ಪಟ್ಟಿಯಲ್ಲಿ ಇದ್ದೇ ಇರುತ್ತದೆ; ‘ಅರ್ಥಮಾಡಿಕೊಳ್ಳು, ಆಳವನ್ನು ತಿಳಿ’ ಎಂದು ಬರೆದುಕೊಂಡಿರುತ್ತೀರಿ. ಹಳೆಯ ಇಂಗ್ಲಿಷಿನಲ್ಲಿ ಅದು ಚಾಚಿದ ಎರಡು ತೋಳುಗಳು, ಅಪ್ಪುಗೆ. ಅಳತೆಯಾಗಿ ಆರು ಅಡಿ. ಸೀಸ ಕಟ್ಟಿದ ಹಗ್ಗವನ್ನು ನೀರಿಗಿಳಿಸಿ, ಮೇಲೆಳೆಯುವಾಗ ತೋಳು ಚಾಚಿ ಚಾಚಿ ಅಳೆಯುತ್ತಿದ್ದರು. ಇದಕ್ಕೆ ಕನ್ನಡದಲ್ಲಿ ಬೇರೆ ಪದ ಹುಡುಕಬೇಕಾಗಿಲ್ಲ, ಅದು ನಮ್ಮ ಮಾರು. ಮಲ್ಪೆಯ ಧಕ್ಕೆಯಲ್ಲಿ ಹಗ್ಗವನ್ನು ಎದೆಯ ಮುಂದೆ ಎರಡೂ ಕೈಗಳಿಗೆ ಹಿಗ್ಗಿಸಿ ‘ಒಂದು ಮಾರು, ಎರಡು ಮಾರು’ ಎಂದು ಎಣಿಸುವವರನ್ನು ನೋಡಿದರೆ, ಫ್ಯಾದಮ್ ಎಂಬುದನ್ನು ಕಣ್ಣಾರೆ ಕಂಡಂತೆಯೇ ಸರಿ. ಪಟ್ಟಿಯಲ್ಲಿ ಆ ಪದದ ಮುಂದೆ ಮಾರು ಎಂದು ಬರೆದುಕೊಳ್ಳಿ.

ನಮಸ್ಕಾರ.